ಅಕ್ಕನ ಚೊಚ್ಚಲ ಹೆರಿಗೆ

ಫಿನೈಲು ಹಾಕಿ ತೊಳೆದ ಕಲ್ಲಿನ ವಾಸನೆ ಬಂದರೆ ಈಗಲೂ ನನಗೆ ಸವಣೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕನನ್ನು ಹೆರಿಗೆಗೆ ಕರೆದೊಯ್ಯಲು ಅವ್ವನೂ ನಾನೂ ಚಕ್ಕಡಿಯಲ್ಲಿ ಅವಳ ಗಂಡನ ಮನೆಗೆ ಬಂದಿದ್ದೆವು. ಹೊರಡುವಷ್ಟರಲ್ಲಿ ಅವಳಿಗೆ ರಕ್ತ ಹೋಗತೊಡಗಿತು. ಆಸ್ಪತ್ರೆ ಹತ್ತಿರವೇ ಇತ್ತು. ಆದರೆ ಅಕ್ಕನ ಅತ್ತೆ ಒಪ್ಪಲಿಲ್ಲ.

“ಚೊಚ್ಚಲ ಹೆರಿಗಿ ತವರಾಗ ಆಗಬೇಕ್ರಿ. ನಿಮ್ಮೂರಿಗೇ ಕರಕೊಂಡು ಹೋಗ್ರಿ.”

“ಹಾನಗಲ್ಲ ಮುಟ್ಟೂತನಕ ಮಗಳು ಉಳಿಯಾಂಗಿಲ್ರಿ, ಬೀಗರ,” ಎಂದಳು ಅವ್ವ. “ನಾ ಎಲ್ಲಿ ಕುಂದರತೇನಿ, ಅದ ಆಕೀ ತವರು.”

ಚಕ್ಕಡಿ ಆಸ್ಪತ್ರೆಗೆ ತಿರುಗಿತು. ಅವ್ವ ಅಲ್ಲಿನ ಕಟ್ಟೆಯ ಮೇಲೆ ಕುಳಿತವಳು ನೀರಿಗೂ ಏಳಲಿಲ್ಲ. ಸಂಜೆ ಒಳಗಿಂದ ಕೂಸಿನ ಅಳು ಕೇಳಿತು.

“ಇಬ್ಬರೂ ಆರಾಮ ಅದಾರ ಬರ್ರಿ,” ಎಂದರು ನರ್ಸಮ್ಮ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ, ಬೀಗರು ಕೂಸನ್ನು ನೋಡಲು ಬರುವ ಮೊದಲೇ, ಅವ್ವ ಆಸ್ಪತ್ರೆಯ ಮೆಟ್ಟಿಲು ತೊಳೆದು ನಮ್ಮ ಮನೆಯ ಬಾಗಿಲಿಗೆ ಹಾಕುವ ರಂಗೋಲಿಯನ್ನೇ ಹಾಕಿದಳು.