ಚೀಟಿಯಲ್ಲಿ ಬಂದ ರಾಮ

ಚಹಾಕ್ಕೆ ಹಸಿಶುಂಠಿ ಜಜ್ಜುವಾಗಲೆಲ್ಲ ಬನವಾಸಿಯ ಹೈಸ್ಕೂಲಿನ ಒಂದು ಶನಿವಾರ ನೆನಪಾಗುತ್ತದೆ.

ಒಂಬತ್ತನೇ ತರಗತಿಯಲ್ಲಿ ಹೊಲಿಗೆ ಇಲ್ಲವೇ ಪುರಾಣ-ಚರ್ಚೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ನಾನು ಚರ್ಚೆಗೆ ಹೆಸರು ಕೊಟ್ಟಿದ್ದೆ. ಕಲಿಸುವ ಮೇಷ್ಟ್ರು ತಾಳಮದ್ದಳೆಯಲ್ಲಿ ಪಾತ್ರವಾಗಿ ಕುಳಿತು ವಾದಿಸುತ್ತ ಅರ್ಥ ಹೇಳುವವರು. ಯಾರಿಗೆ ಯಾವ ಪಾತ್ರ ಎಂಬುದನ್ನು ಚೀಟಿ ಎತ್ತಿಸಿಯೇ ತೀರ್ಮಾನಿಸುತ್ತಿದ್ದರು.

"ಬಂದ ಪಾತ್ರ ಬಿಟ್ಟುಕೊಡಬಾರದು. ನಿನ್ನ ಮನಸ್ಸಲ್ಲಿ ಎಂತ ಇದೆ ಅಂತ ಇಲ್ಲಿ ಯಾರೂ ಕೇಳೂದಿಲ್ಲ," ಎನ್ನುತ್ತಿದ್ದರು.

ನನಗೆ ಸೀತೆಯನ್ನು ಕಾಡಿಗೆ ಕಳಿಸಿದ ರಾಮ ಬಂದ.

ಅವತ್ತು ಪಾಲಕರನ್ನೂ ಕರೆದಿದ್ದರು. ಅವ್ವ ಶುಂಠಿ ತೊಳೆಯುವ ಕೆಲಸದಿಂದ ನೇರವಾಗಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ಅವಳ ಉಗುರುಗಳಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಅಪ್ಪ ನಮ್ಮಿಬ್ಬರನ್ನು ಸೋದರಮಾವನ ಮನೆಯಲ್ಲಿ ಬಿಟ್ಟುಹೋಗಿ ಎರಡು ವರ್ಷವಾಗಿತ್ತು.

"ನಾನೇನು ಮಾಡಲಿ? ಊರೆಲ್ಲ ಆಡಿಕೊಳ್ಳುತ್ತಿದೆ. ಮನೆತನದ ಹೆಸರು ಮೊದಲು, ಹೆಂಡತಿ ಆಮೇಲೆ!" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀತೆಯಾಗಿದ್ದ ಗೆಳತಿ ತನ್ನ ಜಾಗಕ್ಕೆ ಹೋಗಿ ಕುಳಿತಳು. ನನಗೆ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಸಿಕ್ಕಿತು.

ದಾರಿಯುದ್ದಕ್ಕೂ ಅವ್ವ ಉಗುರಿನ ಮಣ್ಣು ತೆಗೆಯುತ್ತ ನಡೆದಳು. ಮನೆ ಹತ್ತಿರ ಬಂದಾಗ, "ಛಲೋ ಮಾತಾಡಿದಿ. ನಿಮ್ಮಪ್ಪಾರೂ ಹಿಂಗ ಅಂದಿದ್ರು," ಎಂದಳು.

ಒಳಗೆ ಹೋಗಿ ಆ ಲೋಟ ತೊಳೆದು, ಅದರಲ್ಲೇ ನನಗೆ ಮಜ್ಜಿಗೆ ತಂದುಕೊಟ್ಟಳು. ಅವಳ ಬೆರಳಿನ ಶುಂಠಿ ವಾಸನೆ ಲೋಟಕ್ಕೂ ಹತ್ತಿತ್ತು. ನಾನು ಪೂರ್ತಿ ಕುಡಿದೆ.