ಕೊನೆಯ ಕುರ್ಚಿ

ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಆ ಗುರುವಾರ ಪಾದ್ರಿ ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು. ಪ್ರತಿವರ್ಷ ಊರ ದೊಡ್ಡವರೇ ಕೂರುತ್ತಿದ್ದ ಕೊನೆಯ ಕುರ್ಚಿಯಲ್ಲಿ ಈ ಸಲ ಚರ್ಚಿನ ನೆಲ ತೊಳೆಯುವ ಇನ್ನಾಸಮ್ಮನನ್ನು ಪಾದ್ರಿಯೇ ಹಠ ಹಿಡಿದು ಕೂರಿಸಿದ್ದರು.

ಅವರು ಮಂಡಿಯೂರಿ ತಂಬಿಗೆ ಎತ್ತಿದೊಡನೆ ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ಬ್ಯಾಡಿ ಸ್ವಾಮಿ.”

“ಶಿಷ್ಯ ಪೇತ್ರನೂ ಮೊದಲು ಬೇಡ ಅಂದಿದ್ದ. ನಾಚಿಕೆ ಯಾಕಮ್ಮ, ನಾನು ನಿನ್ನ ಸೇವಕ.”

“ನಾಚ್ಕೆ ಅಲ್ಲ ಸ್ವಾಮಿ.”

“ಮತ್ತೇನು? ಜನ ಕಾಯ್ತಿದ್ದಾರೆ, ಕಾಲು ಕೊಡು.”

ಅವಳು ಸೀರೆಯಂಚನ್ನು ತುಸು ಸರಿಸಿದಳು. ಕಾಲ್ಬೆರಳ ಸಂದುಗಳೆಲ್ಲ ಬೆಳ್ಳಗೆ ಬೆಂದು, ಬಿರಿದು, ರಕ್ತ ಜಿನುಗುತ್ತಿತ್ತು.

“ನೀರು ಸೋಕಿಸ್ಬಾರದು ಅಂದವ್ರೆ ಡಾಕ್ಟ್ರು. ನೆಲ ತೊಳೆಯುವಾಗ ಹೆಂಗೂ ತಪ್ಪಲ್ಲ. ಈಗ್ಲಾದ್ರೂ ಬಿಟ್ಬುಡಿ.”