ಆರಿಸದ ಒಲೆ

"ಬೇಡ್ಕೋತೀನಿ ಅತ್ತೆ, ನೀರು ಹಾಕ್ಬೇಡಿ," ಎನ್ನುತ್ತಾ ಮುರೆನ್ ಒಲೆಗೆ ಅಡ್ಡವಾಗಿ ಕುಳಿತುಬಿಟ್ಟಳು. ಚಳಿಜ್ವರಕ್ಕೆ ಬೆಳಗಿನಿಂದ ನಡುಗುತ್ತಿದ್ದ ಕೂಸು ಅವಳ ಮಡಿಲಲ್ಲಿ ಈಗ ಅಳುವುದನ್ನೂ ನಿಲ್ಲಿಸಿತ್ತು.

ಅತ್ತೆ ಗೋರ್ಮ್ಲಾ ನೀರಿನ ಗಡಿಗೆ ಹಿಡಿದೇ ನಿಂತಿದ್ದಳು. ಅದು ಸೌವಿನ್ ಹಬ್ಬದ ಸಂಜೆ, ಸತ್ತವರು ಮನೆಗೆ ಬರುವ ಹೊತ್ತು. ಐರ್ಲೆಂಡಿನ ಆ ಹಳ್ಳಿಯಲ್ಲಿ ಎಲ್ಲರೂ ಒಲೆ ಆರಿಸಿ, ಗುಡ್ಡದ ಮೇಲೆ ಹೊತ್ತಿಸುವ ಹೊಸ ಬೆಂಕಿಗಾಗಿ ಕಾಯುತ್ತಿದ್ದರು. ಒಂದು ಮನೆಯಲ್ಲಿ ಹಳೆಯ ಕೆಂಡ ಉಳಿದರೂ ಇಡೀ ಊರಿಗೆ ಕೇಡು ಎಂದು ಸೊಸೆಗೆ ಹೇಳಿಕೊಟ್ಟವಳೇ ಗೋರ್ಮ್ಲಾ.

"ಏಳು ಮುರೆನ್. ಹೊಸ ಬೆಂಕಿ ಬೇಗ ಬರತ್ತೆ."

"ಅಷ್ಟರಲ್ಲಿ ಇವನು ತಣ್ಣಗಾಗಿಬಿಟ್ರೆ? ಮುಟ್ಟಿ ನೋಡಿ."

ಗೋರ್ಮ್ಲಾ ಬಗ್ಗಿ ಮೊಮ್ಮಗನ ಪಾದ ಮುಟ್ಟಿದಳು. ಮುಟ್ಟಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ನೆರೆಮನೆಯ ಫಿಂಟನ್ ಕೂಗಿದ: "ಗೋರ್ಮ್ಲಮ್ಮಾ, ನಿಮ್ಮನೇಲಿ ಇನ್ನೂ ಹೊಗೆ ಬರ್ತಿದೆಯಲ್ಲ? ಊರು ಹಾಳಾಗ್ಲಿ ಅಂತಾನಾ?"

ಮುರೆನ್ ಕೂಸನ್ನು ಎದೆಗೆ ಅವಚಿಕೊಂಡಳು.

"ಈಗ ತಾನೇ ಆರಿಸಿದ್ವಿ ಕಣಪ್ಪ," ಎಂದಳು ಗೋರ್ಮ್ಲಾ, ಗಟ್ಟಿಯಾಗಿ. "ನೀರು ಬಿದ್ದ ಹೊಗೆ ಅದು. ನೀನು ಗುಡ್ಡಕ್ಕೆ ನಡಿ."

ಹೆಜ್ಜೆಯ ಸದ್ದು ದೂರವಾಯಿತು. ಗೋರ್ಮ್ಲಾ ಗಡಿಗೆಯನ್ನು ಮೂಲೆಯಲ್ಲಿಟ್ಟು ಬಂದು, ಒಲೆಗೆ ಇನ್ನೊಂದು ಸೌದೆ ಒಟ್ಟಿದಳು.